ಗಾಡಿಯಲ್ಲಿ ಎಫ್‌ಎಂ ಟ್ರಾನ್ಸ್‌ಮಿಟರ್ ಹಾಕುವವರು ದಯವಿಟ್ಟು ಇದನ್ನು ಓದಿ

"ಲೋ ಪವರ್ ಐತ್ರಿ, ಲೈಸೆನ್ಸ್ ಏನೂ ಬೇಕಾಗಂಗಿಲ್ಲ" ಅಂತ ಹೇಳಿ ಎಫ್‌ಎಂ ಟ್ರಾನ್ಸ್‌ಮಿಟರ್ (ರೇಡಿಯೊ ಪ್ರಸಾರ ಮಾಡುವ ಡಬ್ಬಿ) ಮಾರುವವರನ್ನು ನಂಬಬೇಡಿ. ಅದು ಶುದ್ಧ ಸುಳ್ಳು. ಆ ಒಂದು ಮಾತು ನಂಬಿದ್ದಕ್ಕೆ ನನ್ನ ತಮ್ಮನ ಗೂಡ್ಸ್ ಗಾಡಿ ಠಾಣೆಯ ಅಂಗಳದಲ್ಲಿ ನಿಲ್ಲಬೇಕಾಯಿತು.

ನನ್ನದು ಬೀದರ್‌ನಲ್ಲಿ ಟಿವಿ, ಮೊಬೈಲ್ ರಿಪೇರಿ ಅಂಗಡಿ. ತಮ್ಮನಿಗೆ ಚಿಕ್ಕಂದಿನಿಂದಲೂ ರೇಡಿಯೊ ಹುಚ್ಚು. 1107 ಕಿಲೋಹರ್ಟ್ಸ್‌ನಲ್ಲಿ ಕಲಬುರಗಿ ಆಕಾಶವಾಣಿ ಕೇಳುತ್ತ ಬೆಳೆದವನು. ಜಾತ್ರೆಗಳಿಗೆ ಬಾಡಿಗೆ ಹೋದಾಗ ಗಾಡಿಯಿಂದಲೇ ತತ್ವಪದ, ವಚನ, ತೊಗರಿ ರೇಟು, ತಪ್ಪಿಸಿಕೊಂಡ ಮಕ್ಕಳ ಸುದ್ದಿ ಕೊಡಬೇಕು, ಜನ ಮೊಬೈಲಿನ ಎಫ್‌ಎಂನಲ್ಲೇ ಕೇಳಬೇಕು ಅನ್ನೋದು ಅವನ ಆಸೆ. ಇದರಲ್ಲಿ ಕೆಟ್ಟದ್ದು ಏನಿದೆ ಹೇಳಿ? ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರ 7 ವಾಟಿನ ಡಬ್ಬಿ ಕೊಟ್ಟ. ಫೋನಿನಲ್ಲಿ ಕೇಳಿದರೆ "10 ವಾಟಿನ ಒಳಗೆ ಎಲ್ಲಾ ಫ್ರೀ" ಅಂದನಂತೆ.

ಈ ಸುಳ್ಳು ಎಲ್ಲಿಂದ ಹುಟ್ಟಿತು ಅಂತ ಆಮೇಲೆ ಓದಿ ತಿಳಿದುಕೊಂಡೆ. ಅಮೆರಿಕದಲ್ಲಿ ಲೈಸೆನ್ಸ್ ಇಲ್ಲದ ಸಣ್ಣ ಎಫ್‌ಎಂ ಪ್ರಸಾರಕ್ಕೆ ಒಂದು ನಿಯಮವಿದೆ. ಟ್ರಾನ್ಸ್‌ಮಿಟರ್‌ನಿಂದ 3 ಮೀಟರ್ ದೂರದಲ್ಲಿ ಸಿಗ್ನಲ್‌ನ ಬಲ ಮೀಟರಿಗೆ 250 ಮೈಕ್ರೋವೋಲ್ಟ್ ಮೀರಬಾರದು. ಲೆಕ್ಕ ಹಾಕಿದರೆ ಅದು ಒಂದು ವಾಟಿನ ಸುಮಾರು ಐದು ಕೋಟಿಯಲ್ಲೊಂದು ಭಾಗ. ಒಂದು ಮನೆ, ಅದರ ಅಂಗಳ, ಅಷ್ಟೇ ಅದರ ಹರವು. ಅಂದರೆ 7 ವಾಟು ಅಲ್ಲಿಯೂ ಅಪರಾಧವೇ. ಅಲ್ಲಿನ ವಿಡಿಯೋ ತೋರಿಸಿ ಇಲ್ಲಿ ಡಬ್ಬಿ ಮಾರುತ್ತಾರೆ. ನಮ್ಮಲ್ಲಿ ಎಫ್‌ಎಂ ಬ್ಯಾಂಡಿನಲ್ಲಿ ಹವ್ಯಾಸಕ್ಕೆ ಪ್ರಸಾರ ಮಾಡಲು ಯಾವ ಅವಕಾಶವೂ ಇಲ್ಲ. 1933ರ ವೈರ್‌ಲೆಸ್ ಕಾಯ್ದೆ ಪರವಾನಗಿ ಇಲ್ಲದೆ ಇಂಥ ಯಂತ್ರ ಇಟ್ಟುಕೊಳ್ಳುವುದನ್ನೇ ನಿಷೇಧಿಸಿತ್ತು. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅನುಮತಿ ಇಲ್ಲದ ಜಾಲ ನಡೆಸಿದರೆ 3 ವರ್ಷದವರೆಗೆ ಜೈಲು, ಇಲ್ಲವೇ 2 ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ. ಬಿಹಾರದ ವೈಶಾಲಿ ಜಿಲ್ಲೆಯಲ್ಲಿ ಒಬ್ಬ ರಿಪೇರಿ ಅಂಗಡಿಯ ಹುಡುಗ ನಡೆಸುತ್ತಿದ್ದ ಊರ ಎಫ್‌ಎಂ ಅನ್ನು, ಊರೆಲ್ಲ ಮೆಚ್ಚಿದ್ದರೂ, 2006ರಲ್ಲಿ ಮುಚ್ಚಿಸಿದರು.

ಕಾನೂನಿಗಿಂತ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಬೇರೆ.

ಬೇಸಿಗೆಯ ಒಂದು ಜಾತ್ರೆ ಮುಗಿಸಿ ಬಂದ ತಮ್ಮ "ಅಣ್ಣ, ಸ್ಟೇಷನ್ ಜಾಗ ಬಿಟ್ಟು ಜಾಗಕ್ಕೆ ಸರೀತದ" ಅಂತ ಡಬ್ಬಿಯನ್ನು ಅಂಗಡಿಗೆ ತಂದ. ಅದರ ಮೇಲೆ ದೊಡ್ಡದಾಗಿ ಪಿಎಲ್‌ಎಲ್ ಅಂತ, ಅಂದರೆ ಫ್ರೀಕ್ವೆನ್ಸಿ ಜಾರದಂತೆ ಹಿಡಿದಿಡುವ ಸರ್ಕ್ಯೂಟ್ ಇದೆ ಅಂತ ಬರೆದಿತ್ತು. ಬಿಚ್ಚಿ ನೋಡಿದರೆ ಒಳಗೆ ಅದಕ್ಕೆ ಬೇಕಾದ ಕ್ರಿಸ್ಟಲ್ಲೇ ಇಲ್ಲ. ಬರೀ ಕಾಯಿಲ್ ಮತ್ತು ಟ್ರಿಮ್ಮರ್. ಬಿಸಿಯಾದಷ್ಟೂ ಫ್ರೀಕ್ವೆನ್ಸಿ ಜಾರುವ ಸರ್ಕ್ಯೂಟ್ ಅದು. ಔಟ್‌ಪುಟ್‌ನಲ್ಲಿ ಮೇಲಿನ ಬೇಡದ ಫ್ರೀಕ್ವೆನ್ಸಿಗಳನ್ನು ತಡೆಯುವ ಲೋ ಪಾಸ್ ಫಿಲ್ಟರ್ ಕೂಡ ಇರಲಿಲ್ಲ. ಆಂಟೆನಾ ಬಿಚ್ಚಿ ಪವರ್ ಹೊರಹೋಗದಂತೆ ನುಂಗುವ ಡಮ್ಮಿ ಲೋಡ್ ಹಾಕಿ, ಸಿಗ್ನಲ್‌ಗಳನ್ನು ಕಂಪ್ಯೂಟರಿನಲ್ಲಿ ತೋರಿಸುವ ಎಸ್‌ಡಿಆರ್ ಡಾಂಗಲ್‌ನಲ್ಲಿ ನೋಡಿದೆ. ಅವನು ಇಟ್ಟದ್ದು 107.8 ಮೆಗಾಹರ್ಟ್ಸ್‌ನಲ್ಲಿ, ಯಾಕೆಂದರೆ ಅಲ್ಲಿ ಯಾವ ಸ್ಟೇಷನ್ನೂ ಇರಲಿಲ್ಲ. ಹೀಟ್‌ಸಿಂಕ್ ಕಾಯುತ್ತಿದ್ದಂತೆ ಸಿಗ್ನಲ್ ಎಫ್‌ಎಂ ಮುಗಿಯುವ 108 ದಾಟಿತು. ಜತೆಗೆ 120ರ ಆಸುಪಾಸಿನಲ್ಲಿ ಬೇಡದ ಸಿಗ್ನಲ್‌ಗಳ ಮೊನೆಗಳು ಎದ್ದು ನಿಂತವು.

108ರ ಆಚೆ ಏನಿದೆ ಗೊತ್ತೇ? 108ರಿಂದ 118 ಮೆಗಾಹರ್ಟ್ಸ್‌ವರೆಗೆ ವಿಮಾನಗಳಿಗೆ ದಾರಿ ತೋರಿಸುವ, ರನ್‌ವೇಗೆ ಇಳಿಸುವ ಸಿಗ್ನಲ್‌ಗಳು. 118ರಿಂದ 137ರವರೆಗೆ ಪೈಲಟ್ ಮತ್ತು ಟವರ್ ನಡುವಿನ ಮಾತು. ನಮ್ಮೂರು ಬೀದರ್. ತಲೆಯ ಮೇಲೆ ವಾಯುಪಡೆಯ ಹಾಕ್ ತರಬೇತಿ ವಿಮಾನಗಳಲ್ಲಿ ಇಪ್ಪತ್ತು ದಾಟಿದ ಹುಡುಗರು ಫೈಟರ್ ಹಾರಿಸಲು ಕಲಿಯುತ್ತಾರೆ, ವಿಮಾನ ಕಸರತ್ತಿನ ಸೂರ್ಯಕಿರಣ ತಂಡದ ನೆಲೆಯೂ ಇಲ್ಲೇ. ಕಲಬುರಗಿಯಲ್ಲಿ 2019ರಿಂದ ವಿಮಾನ ನಿಲ್ದಾಣವಿದೆ. ಇಳಿಯುತ್ತಿರುವ ಪೈಲಟ್‌ನ ಕಿವಿಯಲ್ಲಿ ನಮ್ಮ ಡಬ್ಬಿಯ ಗೊರಗೊರ ಕೇಳಿದರೆ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಗಾಡಿಯಲ್ಲಿಟ್ಟರೆ ಇದು ಇನ್ನೂ ಕೆಡುತ್ತದೆ. 100 ಮೆಗಾಹರ್ಟ್ಸ್ ಸುತ್ತ ಕಾಲು ತರಂಗದ ಆಂಟೆನಾ ಅಂದರೆ ಸುಮಾರು 75 ಸೆಂಟಿಮೀಟರ್, ಅದರ ಬುಡದಲ್ಲಿ ಲೋಹದ ಟಾಪ್ ಇರಬೇಕು. ಗೂಡ್ಸ್ ಗಾಡಿಯ ಮೇಲೆ ಇರುವುದು ತಾಡಪತ್ರಿ. ಆಂಟೆನಾ ಹೊಂದದಿದ್ದರೆ ಪವರ್ ವಾಪಸ್ ಬಂದು ಟ್ರಾನ್ಸಿಸ್ಟರ್ ಕಾಯುತ್ತದೆ, ಕಾದಷ್ಟೂ ಜಾರುತ್ತದೆ, ಬೇಡದ ಸಿಗ್ನಲ್ ಹೆಚ್ಚುತ್ತದೆ. ಡಬ್ಬಿಯೇ ಚೆನ್ನಾಗಿದ್ದರೂ ಪವರ್ ವಾಪಸ್ ಬರುವುದು ತಪ್ಪುವುದಿಲ್ಲ. ಎತ್ತರ ಸಿಗಲಿ ಅಂತ ಕೆಲವರು ಗಾಡಿ ಮೇಲೆ ಪೈಪು ಏರಿಸುತ್ತಾರೆ. ಹಳ್ಳಿ ರಸ್ತೆಯಲ್ಲಿ ಅಡ್ಡ ಹಾಯುವ 11 ಸಾವಿರ ವೋಲ್ಟಿನ ಲೈನ್ ನೆನಪಿರಲಿ.

ಇನ್ನು ಡಬ್ಬಿ ಹಚ್ಚಬೇಡ ಅಂತ ತಮ್ಮನಿಗೆ ಅಂದೆ, ಅವನೂ ಒಪ್ಪಿದ. ಅಷ್ಟರಲ್ಲಿ ದೂರು ಹೋಗಿಯಾಗಿತ್ತು. ಬಂದವರು ಮರ್ಯಾದೆಯಿಂದಲೇ ಮಾತಾಡಿದರು, ಆದರೆ ಡಬ್ಬಿ, ಆಂಟೆನಾ, ಬ್ಯಾಟರಿ, ಗಾಡಿ ಎಲ್ಲವೂ ಜಪ್ತಿ. ಮನೆಯಲ್ಲಿಟ್ಟಿದ್ದರೆ ಡಬ್ಬಿಯೊಂದೇ ಹೋಗುತ್ತಿತ್ತು. ಕೋರ್ಟಿಗೆ ಅರ್ಜಿ ಹಾಕಿ ಬಾಂಡ್ ಬರೆದುಕೊಟ್ಟು ಗಾಡಿ ಬಿಡಿಸಿಕೊಳ್ಳುವವರೆಗೆ ಬಾಡಿಗೆ ಇಲ್ಲ, ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಕೇಸ್ ಇನ್ನೂ ನಡೆದಿದೆ. ಮಾರಿದವನ ಫೋನ್ ಸ್ವಿಚ್ ಆಫ್.

ರೇಡಿಯೊ ಮೇಲೆ ನಿಜವಾದ ಪ್ರೀತಿ ಇರುವ ಹುಡುಗರಿಗೆ ಹೇಳುತ್ತೇನೆ, ಸರಿ ದಾರಿಗಳಿವೆ. ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ 12 ವರ್ಷ ತುಂಬಿದವರಿಗೆ ಸಿಗುತ್ತದೆ, ರೆಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಸಂಕೇತದ ಪರೀಕ್ಷೆ ಕೂಡ ಬೇಡ, ಅರ್ಜಿ ಕೇಂದ್ರ ದೂರಸಂಪರ್ಕ ಇಲಾಖೆಯ ಸರಳ ಸಂಚಾರ್ ಪೋರ್ಟಲ್‌ನಲ್ಲಿ. ಆಗ ಬೇರೆ ಹ್ಯಾಮ್‌ಗಳ ಜತೆ ಮಾತಾಡಬಹುದು, ಆದರೆ ಹಾಡು ಹಾಕುವಂತಿಲ್ಲ, ಊರಿಗೆಲ್ಲ ಪ್ರಸಾರ ಮಾಡುವಂತಿಲ್ಲ. ಊರಿಗೆ ಕೇಳಿಸಬೇಕೆಂದರೆ ಸಮುದಾಯ ರೇಡಿಯೊ. ಅದು ವ್ಯಕ್ತಿಗೆ ಸಿಗದು. ಕಾಲೇಜು, ಕೃಷಿ ವಿಜ್ಞಾನ ಕೇಂದ್ರ ಅಥವಾ ನೋಂದಣಿಯಾಗಿ 3 ವರ್ಷವಾದ ಸಂಸ್ಥೆ ಬೇಕು. ಕೋಲಾರದ ಬೂದಿಕೋಟೆಯ "ನಮ್ಮ ಧ್ವನಿ" ಸಮುದಾಯ ರೇಡಿಯೊದವರು ಪರವಾನಗಿ ಸಿಗದ ಕಾಲದಲ್ಲಿ ಕೇಬಲ್ ಮೂಲಕ ಮನೆಮನೆಗೆ ದನಿ ಮುಟ್ಟಿಸಿದರು. ಜಾತ್ರೆಗಾದರೆ ಗಾಡಿಯಲ್ಲೊಂದು ವೈಫೈ ರೂಟರ್ ಇಟ್ಟು ಹತ್ತಿರದ ಮೊಬೈಲ್‌ಗಳಿಗೆ ಕೇಳಿಸಬಹುದು. ತಮ್ಮ ಈಗ ಅದನ್ನೇ ಕಲಿಯುತ್ತಿದ್ದಾನೆ.

ಅಂಥ ಡಬ್ಬಿ ಈಗಾಗಲೇ ಕೊಂಡಿದ್ದರೆ "ಸುಮ್ಮನೆ ಟೆಸ್ಟ್" ಅಂತ ಕೂಡ ಆಂಟೆನಾ ಹಚ್ಚಿ ಆನ್ ಮಾಡಬೇಡಿ, ಬೇರೆಯವರಿಗೆ ಮಾರಲೂ ಬೇಡಿ. ಹೊಸದಾಗಿ ಕೊಳ್ಳಲು ಹೊರಟವರು ಮಾರುವವನನ್ನು ಒಂದೇ ಮಾತು ಕೇಳಿ: ಲೈಸೆನ್ಸ್ ಬೇಡ ಅನ್ನುವ ಭಾರತ ಸರ್ಕಾರದ ಆದೇಶದ ಪ್ರತಿ ಕಳಿಸು. ಅದು ಕೈಗೆ ಬರುವವರೆಗೆ ದುಡ್ಡು ಬಿಚ್ಚಬೇಡಿ.