ಸಿಕೆಎ ರೀಟೇಕಿಗೆ ಕಿಲ್ಲರ್ ಶೆಲ್: ಅಂಕ ನೋಡಲು ಅಲ್ಲ, ಉಳಿದ 34 ಗಂಟೆ ದುಡಿಸಿಕೊಳ್ಳಲು

ಕುಬರ್ನೆಟಿಸ್ ಎಂದರೆ ಹಲವು ಯಂತ್ರಗಳನ್ನು ಕ್ಲಸ್ಟರ್ ಎಂಬ ಒಂದು ಗುಂಪಾಗಿಸಿ, ಅದರಲ್ಲಿ ಕಂಟೈನರ್‌ಗಳನ್ನು (ಬೇಕಾದ್ದೆಲ್ಲ ಜೊತೆಗೆ ಕಟ್ಟಿದ ಆಪ್‌ಗಳನ್ನು) ನಡೆಸುವ ತಂತ್ರಾಂಶ. ಅದನ್ನು ನೋಡಿಕೊಳ್ಳುವವರಿಗೆ ಲಿನಕ್ಸ್ ಫೌಂಡೇಶನ್ ನಡೆಸುವ ಸರ್ಟಿಫೈಡ್ ಕುಬರ್ನೆಟಿಸ್ ಅಡ್ಮಿನಿಸ್ಟ್ರೇಟರ್, ಅಂದರೆ ಸಿಕೆಎ ಪರೀಕ್ಷೆಯಲ್ಲಿ ಪಾಸಾಗಲು ನೂರಕ್ಕೆ 66 ಅಂಕ ಬೇಕು. 58ಕ್ಕೋ 63ಕ್ಕೋ ನಿಂತವರಿಗೆ ಆಗುವ ಸಂಕಟವೇ ಬೇರೆ. ವಿಷಯ ಗೊತ್ತಿದೆ, ದಿನಾ ಆಫೀಸಿನಲ್ಲಿ ಕ್ಲಸ್ಟರ್ ನಡೆಸುತ್ತಾರೆ, ಆದರೂ ಕೈಗೆ ಸರ್ಟಿಫಿಕೇಟ್ ಬಂದಿಲ್ಲ. ಶುಲ್ಕವೂ ಸಣ್ಣದಲ್ಲ, 445 ಡಾಲರ್. ಸಮಾಧಾನದ ಮಾತೆಂದರೆ ಅದೇ ದುಡ್ಡಿನಲ್ಲಿ ಒಂದು ಉಚಿತ ರೀಟೇಕ್, ಅಂದರೆ ಮರುಪರೀಕ್ಷೆ ಇದೆ, ಜೊತೆಗೆ ಕಿಲ್ಲರ್ ಶೆಲ್ ಎಂಬ ಆನ್‌ಲೈನ್ ಅಣಕು ಪರೀಕ್ಷೆಯ ಸಿಮ್ಯುಲೇಟರಿನ ಎರಡು ಸೆಷನ್‌ಗಳಿವೆ. ಮೊದಲ ಸಲ ಬರೆಯುವವರು ಈ ಸಿಮ್ಯುಲೇಟರನ್ನು ಹೇಗಾದರೂ ಬಳಸಲಿ, ಒಮ್ಮೆ ಫೇಲಾದವರಿಗೆ ಇದು ಎಷ್ಟರಮಟ್ಟಿಗೆ ಕೆಲಸಕ್ಕೆ ಬರುತ್ತದೆ ಎಂಬುದಷ್ಟೇ ಇಲ್ಲಿಯ ವಿಚಾರ.

ಸೆಷನ್ ಶುರುಮಾಡಿದರೆ ತೆರೆದುಕೊಳ್ಳುವುದು ಹೆಚ್ಚುಕಡಿಮೆ ನಿಜ ಪರೀಕ್ಷೆಯ ಪರದೆಯೇ. ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ರಿಮೋಟ್ ಲಿನಕ್ಸ್ ಡೆಸ್ಕ್‌ಟಾಪ್, ಅದರೊಳಗೆ ಟರ್ಮಿನಲ್ ಮತ್ತು ಫೈರ್‌ಫಾಕ್ಸ್. ಆ ಗಳಿಗೆಯಿಂದ 36 ಗಂಟೆ ಕ್ಲಸ್ಟರ್‌ಗಳು ನಿಮ್ಮ ಕೈಯಲ್ಲಿರುತ್ತವೆ. ಪರೀಕ್ಷೆಯ ಗಡಿಯಾರ ಓಡುವುದು ಎರಡೇ ಗಂಟೆ. ಅದು ಮುಗಿದ ಮೇಲೆ ಅಂಕ ಬರುತ್ತದೆ, ವಿವರವಾದ ಉತ್ತರಗಳೂ ಸಿಗುತ್ತವೆ. ಪ್ರತಿ ಪ್ರಶ್ನೆಯನ್ನು ಸಣ್ಣ ಸಣ್ಣ ತಪಾಸಣೆಗಳಾಗಿ ಬಿಡಿಸಿ ಯಾವುದು ಸರಿಯಾಯಿತು, ಯಾವುದು ತಪ್ಪಿತು ಎಂದು ತೋರಿಸುತ್ತದೆ. ರೀಟೇಕ್ ಮಾಡುವವರಿಗೆ ಇದೇ ದೊಡ್ಡ ವರ. ಯಾಕೆಂದರೆ ಲಿನಕ್ಸ್ ಫೌಂಡೇಶನ್ ಕಳಿಸುವ ಫಲಿತಾಂಶದಲ್ಲಿ ಯಾವ ಪ್ರಶ್ನೆಗೆ ಎಷ್ಟು ಬಂತು ಎಂಬ ಲೆಕ್ಕ ಇರುವುದಿಲ್ಲ.

ಆದರೆ ಬಹಳ ಮಂದಿ ಸಿಮ್ಯುಲೇಟರಿನಲ್ಲಿ ನೋಡುವುದು ಒಟ್ಟು ಅಂಕವನ್ನು ಮಾತ್ರ. ಅದು ದಾರಿ ತಪ್ಪಿಸುತ್ತದೆ. ಪ್ರಶ್ನೆಗಳನ್ನು ನಿಜ ಪರೀಕ್ಷೆಗಿಂತ ಕಠಿಣವಾಗಿ ಮಾಡಿದ್ದೇವೆ ಎಂದು ತಯಾರಿಸಿದವರೇ ಹೇಳುತ್ತಾರೆ. ಆದ್ದರಿಂದ ಅಲ್ಲಿ 50 ಬಂದರೆ ಎದೆಗುಂದಬೇಕಿಲ್ಲ. ಒಮ್ಮೆ ಉತ್ತರ ಓದಿ, ಅದೇ ಪ್ರಶ್ನೆಗಳನ್ನು ಮತ್ತೆ ಮಾಡಿ 90 ತೆಗೆದರೆ ಅದನ್ನು ನಂಬಿ ರೀಟೇಕ್ ಬುಕ್ ಮಾಡಬೇಕಿಲ್ಲ. ಆ 90 ನೆನಪಿನ ಅಂಕ, ಕೈಚಳಕದ್ದಲ್ಲ. ಈ ಸೇವೆಯ ನಿಜವಾದ ಬೆಲೆ ಗಡಿಯಾರ ನಿಂತ ಮೇಲೆ ಉಳಿಯುವ 34 ಗಂಟೆಯಲ್ಲಿದೆ. ಕ್ಲಸ್ಟರನ್ನು ನಿಯಂತ್ರಿಸುವ ಕಂಟ್ರೋಲ್ ಪ್ಲೇನ್, ಆಪ್ ನಡೆಸುವ ಯಂತ್ರವಾದ ವರ್ಕರ್ ನೋಡ್, ಏನು ಬೇಕಾದರೂ ಬದಲಿಸಬಲ್ಲ ರೂಟ್ ಅಧಿಕಾರ ಎಲ್ಲವೂ ಇರುವ ಕ್ಲಸ್ಟರ್ ಸಿಕ್ಕಿದೆ. ಅದನ್ನು ಕೆಡಿಸಿ ಕಲಿಯದೆ ಬಿಟ್ಟರೆ ಅರ್ಧಕ್ಕಿಂತ ಹೆಚ್ಚು ಪ್ರಯೋಜನ ವ್ಯರ್ಥ.

ಸೆಷನ್ ಒತ್ತುವುದಕ್ಕೆ ಶನಿವಾರ ಬೆಳಿಗ್ಗೆ ಒಳ್ಳೆಯ ಸಮಯ. ವಾರದ ನಡುವೆ ರಾತ್ರಿ ಶುರುಮಾಡಿದರೆ ಗಂಟೆಗಳು ನಿದ್ದೆಗೂ ಆಫೀಸಿಗೂ ಹೋಗಿಬಿಡುತ್ತವೆ. ಮೊದಲ ಎರಡು ಗಂಟೆ ಫೋನ್ ಮುಟ್ಟದೆ, ಕುರ್ಚಿಯಿಂದ ಏಳದೆ ಮುಗಿಸಿ. ಅಂಕ ಬಂದ ಮೇಲೆ ಉತ್ತರ ಓದುವ ಆಸೆಯನ್ನು ತಡೆದುಕೊಳ್ಳಿ. ತಪ್ಪಿದ ತಪಾಸಣೆಗಳನ್ನು ಮಾತ್ರ ಬರೆದುಕೊಂಡು, ಅಧಿಕೃತ ಡಾಕ್ಯುಮೆಂಟೇಶನ್ ಒಂದನ್ನೇ ಇಟ್ಟುಕೊಂಡು ಮತ್ತೆ ಮಾಡಿ. ಆಮೇಲಷ್ಟೇ ಉತ್ತರದೊಡನೆ ಹೋಲಿಸಿ. ಉತ್ತರದಲ್ಲಿ ಕಡಿಮೆ ಆಜ್ಞೆಗಳಲ್ಲಿ ಮುಗಿದಿದ್ದರೆ ಆ ದಾರಿಯನ್ನು ಟೈಪ್ ಮಾಡಿ ಕಲಿಯಿರಿ. ಕಾಪಿ ಪೇಸ್ಟ್ ಮಾಡಿದ್ದು ಕೈಗೆ ಹತ್ತುವುದಿಲ್ಲ.

ಭಾನುವಾರ ಕೆಡಿಸುವ ಕೆಲಸ. ಪಠ್ಯಕ್ರಮದಲ್ಲಿ ಟ್ರಬಲ್‌ಶೂಟಿಂಗ್‌ಗೆ ಶೇ. 30, ಕ್ಲಸ್ಟರ್ ರಚನೆ ಮತ್ತು ಇನ್‌ಸ್ಟಲೇಶನ್‌ಗೆ ಶೇ. 25, ಸರ್ವಿಸ್ ಮತ್ತು ನೆಟ್‌ವರ್ಕಿಂಗ್‌ಗೆ ಶೇ. 20, ವರ್ಕ್‌ಲೋಡ್‌ಗೆ ಶೇ. 15, ಸ್ಟೋರೇಜ್‌ಗೆ ಶೇ. 10. ಮೊದಲ ಎರಡರಲ್ಲೇ 55 ಆಯಿತು. ಆಫೀಸಿನಲ್ಲಿ ಅಮೆಜಾನ್‌ನ ಇಕೆಎಸ್, ಮೈಕ್ರೋಸಾಫ್ಟ್‌ನ ಎಕೆಎಸ್, ಗೂಗಲ್‌ನ ಜಿಕೆಇ ಎಂಬ ಕ್ಲೌಡ್ ಕುಬರ್ನೆಟಿಸ್ ಸೇವೆ ಬಳಸುವವರು ಎಡವುವುದು ಇಲ್ಲಿಯೇ. ಅಲ್ಲಿ ಕಂಟ್ರೋಲ್ ಪ್ಲೇನನ್ನು ಕ್ಲೌಡ್ ಕಂಪನಿ ನೋಡಿಕೊಳ್ಳುತ್ತದೆ, ಎಲ್ಲ ಆಜ್ಞೆಗಳನ್ನೂ ಸ್ವೀಕರಿಸುವ ಎಪಿಐ ಸರ್ವರ್ ಬಿದ್ದಾಗ ಏನು ಮಾಡಬೇಕೆಂಬುದು ಕೈಗೆ ಬರುವ ಸಂದರ್ಭವೇ ಬರುವುದಿಲ್ಲ.

ಎಪಿಐ ಸರ್ವರಿನ ಮ್ಯಾನಿಫೆಸ್ಟನ್ನು (ಅದನ್ನು ಹೇಗೆ ನಡೆಸಬೇಕೆಂದು ಬರೆದ ಫೈಲನ್ನು) ಒಂದು ಸಲಕ್ಕೆ ಒಂದೇ ರೀತಿಯಲ್ಲಿ ಕೆಡಿಸಿ, ಕುರುಹು ಎಲ್ಲಿ ಸಿಗುತ್ತದೆಂದು ನೋಡಿ. ಆ ಫೈಲ್ ಬರೆದಿರುವ ಯಾಮಲ್‌ನ ಇಂಡೆಂಟೇಶನ್ (ಸಾಲಿನ ಮುಂದಿನ ಖಾಲಿ ಜಾಗ) ಕೆಡಿಸಿದರೆ, ನೋಡಿನಲ್ಲಿ ಕಂಟೈನರ್ ನಡೆಸುವ ಕ್ಯೂಬ್‌ಲೆಟ್‌ಗೆ ಫೈಲ್ ಓದಲಿಕ್ಕೇ ಆಗುವುದಿಲ್ಲ, ಕಂಟೈನರ್ ಹುಟ್ಟುವುದೇ ಇಲ್ಲ. ಹಾಗಾಗಿ ಕಂಟೈನರ್ ಲಾಗ್ ಹುಡುಕಿ ಫಲವಿಲ್ಲ, ಲಿನಕ್ಸಿನ ಲಾಗ್ ಆದ ಜರ್ನಲ್‌ನಲ್ಲಿ ಕ್ಯೂಬ್‌ಲೆಟ್ ಬರೆದ ಸಾಲನ್ನೇ ನೋಡಬೇಕು. ಇಲ್ಲದ ಫ್ಲ್ಯಾಗ್ (ಆಯ್ಕೆಯ ಪದ) ಒಂದನ್ನು ಸೇರಿಸಿದರೆ ಕಂಟೈನರ್ ಹುಟ್ಟಿ ತಕ್ಷಣ ಸಾಯುತ್ತದೆ. ನೋಡಿನ ಕಂಟೈನರ್‌ಗಳನ್ನು ತೋರಿಸುವ ಸಿಆರ್‌ಐ-ಸಿಟಿಎಲ್ ಆಜ್ಞೆಯಲ್ಲಿ ನಿಂತುಹೋದವನ್ನೂ ಸೇರಿಸಿ ಪಟ್ಟಿ ತೆಗೆದರೆ ಅದು ಕಾಣುತ್ತದೆ, ಲಾಗಿನಲ್ಲಿ ಆ ಫ್ಲ್ಯಾಗಿನ ಹೆಸರೇ ಇರುತ್ತದೆ. ಕ್ಲಸ್ಟರಿನ ದತ್ತಾಂಶ ಇಡುವ ಎಟ್‌ಸಿಡಿಯ ವಿಳಾಸದ 2379 ಪೋರ್ಟನ್ನು ಬೇರೆ ಮಾಡಿದರೆ ಕಂಟೈನರ್ ಸ್ವಲ್ಪ ಹೊತ್ತು ಬದುಕಿದ್ದು, ಸಂಪರ್ಕ ಸಿಗದೆ ಬೀಳುತ್ತದೆ. ಒಂದೇ ಲಕ್ಷಣ, ಕ್ಲಸ್ಟರಿಗೆ ಆಜ್ಞೆ ಕೊಡುವ ಕ್ಯೂಬ್‌ಕಂಟ್ರೋಲ್ ಉತ್ತರ ಕೊಡುತ್ತಿಲ್ಲ ಅಷ್ಟೇ, ಕಾರಣ ಮೂರು. ಯಾವ ಲಾಗ್ ಮೊದಲು ತೆರೆಯಬೇಕೆಂಬುದು ಅಭ್ಯಾಸವಾದರೆ ಇಂಥ ಪ್ರಶ್ನೆ ಐದು ನಿಮಿಷದ್ದು, ಇಲ್ಲದಿದ್ದರೆ ಇಪ್ಪತ್ತು ನಿಮಿಷ ನುಂಗುತ್ತದೆ.

ಇಲ್ಲೇ ಎಡವಿ ಬೀಳುವಂಥ ಎರಡು ಕಡೆಗಳಿವೆ. ಮ್ಯಾನಿಫೆಸ್ಟ್ ತಿದ್ದುವ ಮುಂಚೆ ಪ್ರತಿ ಇಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ, ಆದರೆ ಆ ಪ್ರತಿಯನ್ನು ಅದೇ ಮ್ಯಾನಿಫೆಸ್ಟ್ ಡೈರೆಕ್ಟರಿಯಲ್ಲಿ ಇಡಬಾರದು. ಕ್ಯೂಬ್‌ಲೆಟ್ ಆ ಡೈರೆಕ್ಟರಿಯಲ್ಲಿರುವ ಫೈಲುಗಳನ್ನೆಲ್ಲ ಓದುತ್ತದೆ. ಚುಕ್ಕೆಯಿಂದ ಶುರುವಾಗುವ ಹೆಸರುಗಳನ್ನು ಮಾತ್ರ ಬಿಡುತ್ತದೆ, ಕೊನೆಯಲ್ಲಿ ಬ್ಯಾಕಪ್ ಎಂದು ಸೇರಿಸಿದ್ದನ್ನು ಬಿಡುವುದಿಲ್ಲ. ಹಳೆಯದೂ ಹೊಸದೂ ಒಂದೇ ಪಾಡ್ (ಕಂಟೈನರ್‌ಗಳನ್ನು ನಡೆಸುವ ಚಿಕ್ಕ ಘಟಕ) ಹೆಸರಿಗೆ ಜಗಳಾಡುತ್ತವೆ, ನೀವು ಸರಿಪಡಿಸಿದ್ದು ಸರಿಯಾಗಿದ್ದರೂ ಕಾಣುವುದಿಲ್ಲ. ಪ್ರತಿಯನ್ನು ರೂಟ್ ಬಳಕೆದಾರನ ಹೋಮ್ ಡೈರೆಕ್ಟರಿಗೆ ಹಾಕಿ. ಎಡವುವ ಇನ್ನೊಂದು ಕಡೆ ಅವಸರ. ಕ್ಯೂಬ್‌ಲೆಟ್ ಈ ಫೈಲುಗಳನ್ನು ತಾನಾಗಿ ಪರೀಕ್ಷಿಸುವ ಅಂತರ ಸಾಮಾನ್ಯವಾಗಿ 20 ಸೆಕೆಂಡು, ಆಮೇಲೆ ಎಪಿಐ ಸರ್ವರ್ ಏಳಲು ಇನ್ನಷ್ಟು ಹೊತ್ತು. ಹತ್ತು ಸೆಕೆಂಡಿಗೆ ಉತ್ತರ ಬರಲಿಲ್ಲವೆಂದು ಸರಿಯಾದ ಫೈಲನ್ನೇ ಮತ್ತೆ ತಿದ್ದಿ ಕೆಡಿಸಿಕೊಳ್ಳುವವರು ತುಂಬಾ. ತಿದ್ದಿದ ಮೇಲೆ ಒಂದು ನಿಮಿಷ ಮುಂದಿನ ಪ್ರಶ್ನೆ ಓದುತ್ತಾ ಕಾಯಿರಿ.

ಯಾವ ಪಾಡ್ ಯಾವುದನ್ನು ತಲುಪಬಹುದೆಂಬ ನಿಯಮವಾದ ನೆಟ್‌ವರ್ಕ್ ಪಾಲಿಸಿಯಲ್ಲಿ ಅಂಕ ಹೋಗುವುದು ಒಂದು ಅಡ್ಡಗೆರೆಯಿಂದ. ಎಲ್ಲಿಂದ ಬರಬಹುದು ಎಂಬ ಪಟ್ಟಿಯಲ್ಲಿ ನೇಮ್‌ಸ್ಪೇಸ್ (ಕ್ಲಸ್ಟರಿನ ಒಳವಿಭಾಗ) ಸೆಲೆಕ್ಟರ್ ಮತ್ತು ಪಾಡ್ ಸೆಲೆಕ್ಟರ್ ಎರಡೂ ಒಂದೇ ಅಡ್ಡಗೆರೆಯ ಕೆಳಗಿದ್ದರೆ, ಆ ನೇಮ್‌ಸ್ಪೇಸಿನ ಆ ಪಾಡಿಗೆ ಮಾತ್ರ ಪ್ರವೇಶ. ಎರಡಕ್ಕೂ ಬೇರೆ ಬೇರೆ ಅಡ್ಡಗೆರೆ ಹಾಕಿದರೆ ಇದಾದರೂ ಸರಿ, ಅದಾದರೂ ಸರಿ ಎಂದಾಗುತ್ತದೆ. ಬಾಗಿಲು ಪೂರಾ ತೆರೆದಂತೆ. ಎರಡೂ ಯಾಮಲ್ ತಪ್ಪಿಲ್ಲದೆ ಅಪ್ಲೈ ಆಗುತ್ತವೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಹಾಗಾಗಿ ಬಿಡಬೇಕಾದ ಪಾಡಿನಿಂದ ಒಮ್ಮೆ, ಬಿಡಬಾರದ ಪಾಡಿನಿಂದ ಒಮ್ಮೆ, ಎರಡು ಸೆಕೆಂಡಿನ ಟೈಮ್‌ಔಟ್ ಕೊಟ್ಟು ಪರೀಕ್ಷಿಸಿ. ಹೊರಹೋಗುವ ಸಂಚಾರವನ್ನೂ ಬಿಗಿಮಾಡಿದ್ದರೆ ಹೆಸರಿನಿಂದ ಐಪಿ ವಿಳಾಸ ಹುಡುಕುವ ಡಿಎನ್ಎಸ್‌ಗೆ 53ನೇ ಪೋರ್ಟ್ ಬಿಡಬೇಕು, ಯುಡಿಪಿ ಮತ್ತು ಟಿಸಿಪಿ ಎರಡಕ್ಕೂ. ಮರೆತರೆ ಐಪಿಗೆ ಹೋಗುತ್ತದೆ, ಹೆಸರಿಗೆ ಹೋಗುವುದಿಲ್ಲ.

ಕ್ಲಸ್ಟರ್ ಕಟ್ಟುವ ಸಾಧನವಾದ ಕ್ಯೂಬ್‌ಅಡ್ಮಿನ್‌ನಿಂದ ಮಾಡುವ ಅಪ್‌ಗ್ರೇಡ್ ಅನ್ನು ಸೆಷನ್ನಿನ ಕೊನೆಗೆ ಇಟ್ಟುಕೊಳ್ಳಿ, ಕೆಟ್ಟರೂ ಬೇರೆ ಅಭ್ಯಾಸ ನಿಲ್ಲದಿರಲಿ. ಪ್ಯಾಕೇಜ್ ರಿಪಾಸಿಟರಿಯ ವಿಳಾಸದಲ್ಲಿ ಮೈನರ್ ಆವೃತ್ತಿಯ ಸಂಖ್ಯೆ ಇರುತ್ತದೆ, 1.33ರಿಂದ 1.34ಕ್ಕೆ ಹೋಗಬೇಕಾದರೆ ಆ ಸಾಲನ್ನು ಮೊದಲು ಬದಲಿಸದಿದ್ದರೆ ಹೊಸ ಪ್ಯಾಕೇಜ್ ಪಟ್ಟಿಯಲ್ಲೇ ಕಾಣದು. ಮೊದಲ ಕಂಟ್ರೋಲ್ ಪ್ಲೇನಿಗೆ ‘ಅಪ್‌ಗ್ರೇಡ್ ಅಪ್ಲೈ’ ಆಜ್ಞೆ, ಉಳಿದ ನೋಡ್‌ಗಳಿಗೆ ‘ಅಪ್‌ಗ್ರೇಡ್ ನೋಡ್’ ಆಜ್ಞೆ. ಕ್ಯೂಬ್‌ಲೆಟ್ ಬದಲಿಸಿದ ಮೇಲೆ ಡೀಮನ್ ರೀಲೋಡ್, ಆಮೇಲೆ ರೀಸ್ಟಾರ್ಟ್. ಕೊನೆಗೆ ಅನ್‌ಕಾರ್ಡನ್ (ನೋಡ್ ಮತ್ತೆ ಪಾಡ್ ತೆಗೆದುಕೊಳ್ಳುವಂತೆ ಮಾಡುವುದು), ಹೆಚ್ಚು ಜನ ಮರೆಯುವುದು ಅದನ್ನೇ.

ಸ್ಟೋರೇಜಿನಲ್ಲಿ ಒಂದು ಮಾತು: ಸ್ಟೋರೇಜ್ ಕ್ಲಾಸಿನ ಬೈಂಡಿಂಗ್ ಮೋಡ್ ಮೊದಲ ಬಳಕೆದಾರನಿಗಾಗಿ ಕಾಯುವಂಥದ್ದಾದರೆ ಪಿವಿಸಿ (ಸ್ಟೋರೇಜ್ ಬೇಕೆಂಬ ಕೋರಿಕೆ) ಪೆಂಡಿಂಗ್‌ನಲ್ಲೇ ಇರುತ್ತದೆ. ಅದು ದೋಷವಲ್ಲ, ಪಾಡ್ ಹಾಕಿದ ಮೇಲೆ ಬೈಂಡ್ ಆಗುತ್ತದೆ.

ಸಿಮ್ಯುಲೇಟರ್ ಕೊಡದಿರುವುದೂ ಇದೆ. ನಿಜ ಪರೀಕ್ಷೆಯ ಪ್ರಾಕ್ಟರ್ (ದೂರದಿಂದ ಕಾಯುವ ಮೇಲ್ವಿಚಾರಕ), ಪರೀಕ್ಷೆ ನಡೆಯುವ ಪಿಎಸ್ಐ ಸೆಕ್ಯೂರ್ ಬ್ರೌಸರ್, ಕೋಣೆಯ ತಪಾಸಣೆ ಇಲ್ಲಿಲ್ಲ. ಮೊದಲ ಸಲ ಇದರಲ್ಲೇ ಸಮಯವೂ ಮನಸ್ಸಿನ ನೆಮ್ಮದಿಯೂ ಕಳೆದುಕೊಂಡಿದ್ದರೆ ಎಷ್ಟು ಸೆಷನ್ ಮಾಡಿದರೂ ಆ ಕೊರತೆ ತುಂಬದು. ಕಂಪನಿ ಲ್ಯಾಪ್‌ಟಾಪಿನ ವಿಪಿಎನ್ ಮತ್ತು ಭದ್ರತಾ ತಂತ್ರಾಂಶ ಸೆಕ್ಯೂರ್ ಬ್ರೌಸರಿಗೆ ಅಡ್ಡಬರಬಹುದು, ಸ್ವಂತದ್ದು ಬಳಸಿ. ಒಂದೇ ಮಾನಿಟರ್ ಇರಲಿ. ಮೇಜಿನ ಮೇಲೆ ಕಾಗದವಿರಬಾರದು, ಬಾಯಿಬಿಟ್ಟು ಪ್ರಶ್ನೆ ಓದಬಾರದು. ನಮ್ಮವರಿಗೆ ಇನಿಷಿಯಲ್ಲಿನ ತೊಂದರೆ ವಿಶೇಷ: ನೋಂದಣಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ತಿ ಹೆಸರು ಇದ್ದರೆ ಚೆಕ್-ಇನ್‌ನಲ್ಲೇ ನಿಲ್ಲಿಸಬಹುದು. ರೀಟೇಕ್ ಶೆಡ್ಯೂಲ್ ಮಾಡುವ ಮುನ್ನವೇ ಪೋರ್ಟಲ್‌ನಲ್ಲಿ ಹೆಸರು ಹೊಂದಿಸಿಕೊಳ್ಳಿ. ಕರೆಂಟ್ ಹೋಗುವ ಏರಿಯಾ ಆದರೆ ರೌಟರನ್ನೂ ಯುಪಿಎಸ್‌ಗೆ ಹಾಕಿ.

ಕೀಬೋರ್ಡಿನ ಅಭ್ಯಾಸವನ್ನು ಮಾತ್ರ ಸಿಮ್ಯುಲೇಟರಿನಲ್ಲೇ ಮಾಡಿಕೊಳ್ಳಬಹುದು. ಟರ್ಮಿನಲ್‌ನಲ್ಲಿ ಕಾಪಿ ಪೇಸ್ಟಿಗೆ ಕಂಟ್ರೋಲಿನ ಜೊತೆ ಶಿಫ್ಟ್ ಬೇಕು. ಒಂದು ಪದ ಅಳಿಸಲು ಕಂಟ್ರೋಲ್-ಡಬ್ಲ್ಯೂ ಒತ್ತುವ ಚಾಳಿ ಇದ್ದವರು ಬಿಡಬೇಕು, ಪರೀಕ್ಷೆಯಲ್ಲಿ ಅದು ಬ್ರೌಸರಿನ ಟ್ಯಾಬ್ ಮುಚ್ಚುವ ಕೀಲಿ, ಅಲ್ಲಿ ಕಂಟ್ರೋಲ್-ಆಲ್ಟ್-ಡಬ್ಲ್ಯೂ. ಪ್ರತಿ ಪ್ರಶ್ನೆಯನ್ನೂ ಅದರಲ್ಲಿ ಹೇಳಿದ ಹೋಸ್ಟಿಗೆ (ಯಂತ್ರಕ್ಕೆ) ಎಸ್‌ಎಸ್‌ಎಚ್ ಮಾಡಿ, ಅಂದರೆ ದೂರದಿಂದ ಒಳಹೋಗಿ ಬಿಡಿಸಬೇಕು, ಮುಗಿದ ಮೇಲೆ ಹೊರಬಂದೇ ಮುಂದಿನದಕ್ಕೆ ಹೋಗಬೇಕು. ಉತ್ತರ ಸರಿ, ಹೋಸ್ಟ್ ತಪ್ಪು ಆದರೆ ಅಂಕ ಸೊನ್ನೆ. ಮೂಲ ಟರ್ಮಿನಲ್‌ನಲ್ಲಿ ಮಾಡಿಕೊಂಡ ವಿಮ್ ಎಡಿಟರಿನ ಸೆಟ್ಟಿಂಗ್ ಆ ಹೋಸ್ಟುಗಳಿಗೆ ಜೊತೆಗೆ ಬರುವುದಿಲ್ಲ. ಆದ್ದರಿಂದ ಯಾಮಲ್ ಅಂಟಿಸುವ ಮೊದಲು ಇಂಡೆಂಟೇಶನ್ ಕೆಡದಂತೆ ಪೇಸ್ಟ್ ಮೋಡ್ ಹಾಕುವುದನ್ನು ಬೆರಳಿಗೆ ಕಲಿಸಿ.

ಎರಡೂ ಸೆಷನ್ ಮೊದಲ ಪರೀಕ್ಷೆಗೆ ಮುಂಚೆಯೇ ಖರ್ಚಾಗಿದ್ದರೆ? ಕಿಲ್ಲರ್ ಶೆಲ್ ಸೆಷನ್ನನ್ನು ಬೇರೆಯಾಗಿ ಮಾರುತ್ತದೆ, ಆದರೆ ತಕ್ಷಣ ಕೊಳ್ಳಬೇಡಿ ಎಂಬುದು ನಮ್ಮ ಸಲಹೆ. ಅದೇ ತಂಡದ ಕಿಲ್ಲರ್‌ಕೋಡಾದಲ್ಲಿ ಬ್ರೌಸರಿನಲ್ಲೇ ನಡೆಯುವ ಉಚಿತ ಅಭ್ಯಾಸಗಳಿವೆ, ಎಪಿಐ ಸರ್ವರ್ ಕೆಟ್ಟದ್ದನ್ನು ಸರಿಪಡಿಸುವುದೂ ಸೇರಿ. 16 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪಿನಲ್ಲಿ ಮೂರು ವರ್ಚುವಲ್ ಮೆಷಿನ್ ಹಾಕಿ ಕ್ಯೂಬ್‌ಅಡ್ಮಿನ್‌ನಿಂದ ಸ್ವಂತ ಕ್ಲಸ್ಟರ್ ಕಟ್ಟಿದರೆ ಇನ್ನೂ ಒಳ್ಳೆಯದು. ಒಂದೊಂದಕ್ಕೂ 2 ಜಿಬಿ, ಕಂಟ್ರೋಲ್ ಪ್ಲೇನಿಗೆ ಎರಡು ಸಿಪಿಯು, ಸ್ವಾಪ್ ಬಂದ್, ಐಪಿ ಫಾರ್ವರ್ಡಿಂಗ್ ಆನ್. ನೆಟ್‌ವರ್ಕಿಗೆ ಕ್ಯಾಲಿಕೋ ಪ್ಲಗಿನ್ ಹಾಕಿ. ಫ್ಲ್ಯಾನೆಲ್ ಒಂದನ್ನೇ ಹಾಕಿದರೆ ನೆಟ್‌ವರ್ಕ್ ಪಾಲಿಸಿ ಸೃಷ್ಟಿಯಾಗುತ್ತದೆ, ಜಾರಿಯಾಗುವುದಿಲ್ಲ. ಎಲ್ಲ ಪಾಡುಗಳೂ ಎಲ್ಲವನ್ನೂ ತಲುಪುತ್ತವೆ, ನಿಮ್ಮ ಯಾಮಲ್ ತಪ್ಪೋ ಸರಿಯೋ ತಿಳಿಯುವುದೇ ಇಲ್ಲ.

ಸೆಷನ್ ಇನ್ನೂ ಉಳಿದಿದ್ದರೆ ಅದನ್ನು ರೀಟೇಕಿಗೆ ಒಂದು ವಾರ ಮುಂಚೆ ತೆರೆಯಿರಿ. ಅದಕ್ಕೂ ಮೊದಲು, ಬಳಸುತ್ತಿರುವ ಕೋರ್ಸ್ ಎಷ್ಟು ಹಳೆಯದೆಂದು ನೋಡಿ. 2025ರ ಫೆಬ್ರವರಿಯಲ್ಲಿ ಪಠ್ಯಕ್ರಮ ಬದಲಾಯಿತು: ಹೊರಗಿನ ಸಂಚಾರವನ್ನು ಒಳಗೆ ತರುವ ಗೇಟ್‌ವೇ ಎಪಿಐ, ಯಾಮಲ್ ನಿರ್ವಹಿಸುವ ಹೆಲ್ಮ್ ಮತ್ತು ಕಸ್ಟಮೈಸ್, ಕುಬರ್ನೆಟಿಸ್‌ಗೆ ಹೊಸ ವಿಧದ ವಸ್ತು ಸೇರಿಸುವ ಸಿಆರ್‌ಡಿ, ಪಾಡ್‌ಗಳ ಆಟೋಸ್ಕೇಲಿಂಗ್ ಎಲ್ಲ ಒಳಗೆ ಬಂದವು. ಅದಕ್ಕಿಂತ ಹಿಂದಿನ ವಿಡಿಯೊಗಳಲ್ಲಿ ಗೇಟ್‌ವೇ ಎಪಿಐ ಸಿಗದು. ಇರುವ ಇಂಗ್ರೆಸ್ (ಅದೇ ಕೆಲಸದ ಹಳೆಯ ವಿಧಾನ) ಒಂದನ್ನು ತೆಗೆದುಕೊಂಡು ಗೇಟ್‌ವೇ ಮತ್ತು ಎಚ್‌ಟಿಟಿಪಿ ರೂಟ್ ಆಗಿ ಬರೆಯುವ ಅಭ್ಯಾಸ ಮಾಡಿ, ಟಿಎಲ್ಎಸ್ ಸೀಕ್ರೆಟ್ ಸಮೇತ.

ಉಚಿತ ರೀಟೇಕಿನ ಷರತ್ತು ಎರಡು. ಪರೀಕ್ಷೆ ಕೊಂಡ ದಿನದಿಂದ 12 ತಿಂಗಳೊಳಗೆ ಮುಗಿಸಬೇಕು. ಮೊದಲ ಪರೀಕ್ಷೆಗೆ ಹಾಜರಾಗದೆ ಬಿಟ್ಟಿದ್ದರೆ ಅದು ಸಿಗುವುದಿಲ್ಲ. ದಿನ ಬದಲಿಸಬೇಕಾದರೆ 24 ಗಂಟೆಗೂ ಮುಂಚೆ ಪೋರ್ಟಲ್‌ನಲ್ಲೇ ಬದಲಿಸಿಕೊಳ್ಳಿ.