ನೌಬಾದಿನ ಸುರಂಗ ಬಾವಿ ನಡಿಗೆ: ದೆವ್ವಕ್ಕೆ ಸಿಕ್ಕ ಸಮಯ ನೀರಿಗೂ ಸಿಗಬೇಕಿತ್ತು

ಬೀದರ್ ಪಕ್ಕದ ನೌಬಾದಿನಲ್ಲಿರುವ ಸುರಂಗ ಬಾವಿಯನ್ನು ಸ್ಥಳೀಯ ಮಾರ್ಗದರ್ಶಿಯೊಬ್ಬರು ಸಣ್ಣ ಗುಂಪುಗಳಿಗೆ ತೋರಿಸುತ್ತಾರೆ. ಮನೆಯವರೊಂದಿಗೆ ಈ ನಡಿಗೆಗೆ ಹೋಗಿದ್ದೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ, ಆದರೆ ತೂಕ ತಪ್ಪಿದೆ.

ಮೊದಲರ್ಧವೆಲ್ಲ ದೆವ್ವದ ಕಥೆಗಳೇ. ಇದು ಕೋಟೆಗೆ ಹೋಗುವ ಗುಪ್ತದಾರಿಯಂತೆ, ಒಳಹೊಕ್ಕ ಸೈನಿಕರು ಮರಳಲಿಲ್ಲವಂತೆ, ಅಮಾವಾಸ್ಯೆಯ ರಾತ್ರಿ ಗೆಜ್ಜೆಯ ಸದ್ದು ಕೇಳುತ್ತದಂತೆ. ಮಾರ್ಗದರ್ಶಿಗಳ ಮಾತಿನ ಕಸುಬು ಚೆನ್ನಾಗಿದೆ. ಮಕ್ಕಳು ನನ್ನ ಕೈ ಬಿಡಲಿಲ್ಲ. ಬಾಯ್ದೆರೆದ ಆಳದ ಗುಂಡಿಗಳಿಂದ ಮಕ್ಕಳನ್ನು ದೂರವಿಡಲು ಹಿರಿಯರಿಗೆ ಇಂಥ ಕಥೆಗಳು ಬೇಕಾಗಿದ್ದಿರಬಹುದು ಎಂದು ನನಗನ್ನಿಸಿತು.

ಇದು ಯಾರೋ ತಪ್ಪಿಸಿಕೊಳ್ಳಲು ತೋಡಿದ ದಾರಿಯಲ್ಲ, ನೀರಿಗಾಗಿ ತೋಡಿದ್ದು. ಬಹಮನಿ ಸುಲ್ತಾನರು 15ನೇ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಮೇಲೆ, ಇರಾನಿನ ಕನಾತ್ ಎಂಬ ನೆಲದಡಿಯ ನೀರುಕಾಲುವೆ ಪದ್ಧತಿಯನ್ನು ಅನುಸರಿಸಿ ರೂಪಿಸಿದ ಈ ಕರೇಜ್‌ನಲ್ಲಿ, ಅಂದರೆ ಸುರಂಗ ಬಾವಿಯಲ್ಲಿ, ಕಾಲುವೆಯನ್ನು ತೀರ ಸಣ್ಣ ಇಳಿಜಾರಿನಲ್ಲಿ ಕೊರೆದಿರುವುದರಿಂದ, ಯಾವ ಯಂತ್ರವೂ ಇಲ್ಲದೆ ನೀರು ತಾನಾಗಿ ಹರಿಯುತ್ತದೆ. ಬೀದರಿನ ಜಂಬಿಟ್ಟಿಗೆ ನೆಲ ಮಳೆನೀರನ್ನು ಹೀರಿಕೊಳ್ಳುತ್ತದೆ, ಅಡಿಯ ಕಪ್ಪು ಶಿಲೆ ಅದನ್ನು ತಡೆಯುತ್ತದೆ; ಹೀಗೆ ನಿಂತ ನೀರೇ ಕಾಲುವೆಗೆ ಬರುತ್ತದೆ. ಸಾಲಾಗಿ ಕಾಣುವ 21 ಬಾವಿಬಾಯಿಗಳು ಅಗೆದ ಮಣ್ಣನ್ನು ಮೇಲೆತ್ತಲು, ಗಾಳಿ ಆಡಲು ಮತ್ತು ಹೂಳು ತೆಗೆಯಲು ಮಾಡಿದಂಥವು. ಈ ಭಾಗ ಮಾರ್ಗದರ್ಶಿಗಳ ಬಾಯಲ್ಲಿ ಐದೇ ಮಾತಿನಲ್ಲಿ ಮುಗಿದುಹೋಯಿತು.

ನನಗೆ ಹಿಡಿಸಿದ್ದು ಮಾತು ನಿಂತ ಗಳಿಗೆ. ಒಂದು ಬಾವಿಬಾಯಿಯ ಕೆಳಗೆ ಅವರು ಟಾರ್ಚನ್ನು ಓರೆಯಾಗಿ ಹಿಡಿದಾಗ, ಕೆಂಪು ಗೋಡೆಯ ಮೇಲೆ ಗುದ್ದಲಿ ಕಚ್ಚಿದ ಗುರುತುಗಳು ಒಂದರ ಕೆಳಗೊಂದು ಎದ್ದು ಕಂಡವು. ಮೇಲಿನಿಂದ ತೊಟ್ಟಿಕ್ಕುವ ಹನಿಯ ಸದ್ದು ಸುರಂಗದುದ್ದಕ್ಕೂ ಮರುದನಿಸುತ್ತಿತ್ತು. ಗೆಜ್ಜೆಯ ಮೂಲ ಬಹುಶಃ ಅದೇ.

ಬೀದರಿನ ಐತಿಹಾಸಿಕ ನಗರವು ಪಾರಂಪರಿಕ ತಾಣಗಳ ರಕ್ಷಣೆಗೆ ದುಡಿಯುವ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆಯ 2014ರ ವಾಚ್ ಪಟ್ಟಿಯಲ್ಲಿತ್ತು. ಹೂಳು, ಕಸ ತುಂಬಿ ಮರೆಯಾಗಿದ್ದ ಈ ಸುರಂಗ ಬಾವಿಯನ್ನು ಮತ್ತೆ ತೆರವುಗೊಳಿಸಿದ್ದೇ ಒಂದು ದೊಡ್ಡ ಕಥೆ. ಅದನ್ನಾದರೂ ಅವರು ಹೇಳಬಹುದಿತ್ತು. ನಾವು ಕೇಳಿದ ಮೇಲಷ್ಟೇ ಪಟ್ಟಿಯ ಪ್ರಸ್ತಾಪ ಬಂತು.

ವ್ಯವಸ್ಥೆಯಲ್ಲಿ ಸುಧಾರಣೆ ಬೇಕು. ಇಡೀ ಗುಂಪಿಗೆ ಒಂದೇ ಟಾರ್ಚ್, ತಲೆಗೆ ಹೆಲ್ಮೆಟ್ ಇಲ್ಲ, ಕಾಲಡಿ ಜಾರುವ ಕೆಸರು. ಮೊಣಕಾಲು ನೋವಿರುವ ಹಿರಿಯರು ಮೇಲಿನ ಬಾವಿಬಾಯಿಗಳನ್ನಷ್ಟೇ ನೋಡುವುದು ಲೇಸು. ಹೋಗುವವರು ಮಳೆಗಾಲ ಕಳೆದ ಮೇಲೆ, ಗಟ್ಟಿ ಹಿಡಿತದ ಚಪ್ಪಲಿ ಮತ್ತು ಸ್ವಂತ ಟಾರ್ಚಿನೊಂದಿಗೆ ಹೋಗಿ, ಇಳಿಜಾರಿನ ಬಗ್ಗೆ ಆರಂಭದಲ್ಲೇ ಕೇಳಿಬಿಡಿ. ಕೇಳಿದರೆ ಅವರು ಚೆನ್ನಾಗಿಯೇ ವಿವರಿಸುತ್ತಾರೆ. ಐದಕ್ಕೆ ಮೂರೂವರೆ ಅಂಕ.