ಎಂಟನೇ ತರಗತಿಗೆ ಯಾವ ಸರ್ಕಾರಿ ಶಾಲೆ? ಹಳ್ಳಿ ಹೈಸ್ಕೂಲು, ಕೆಪಿಎಸ್, ಪೇಟೆಯ ಜೂನಿಯರ್ ಕಾಲೇಜು

ಏಳನೇ ಕ್ಲಾಸಿನ ಮಗುವನ್ನು ಎಂಟಕ್ಕೆ ಎಲ್ಲಿ ಸೇರಿಸೋದು? ತುಮಕೂರು ಜಿಲ್ಲೆಯ ನಮ್ಮಂಥ ಹಳ್ಳಿಗಳಲ್ಲಿ ಫೆಬ್ರವರಿ ಬಂತೆಂದರೆ ಇದೇ ಮಾತು. ನಮ್ಮೂರಲ್ಲಿ ಇರುವುದು ಏಳರವರೆಗಿನ ಶಾಲೆ. ಮುಂದಕ್ಕೂ ಸರ್ಕಾರಿ ಶಾಲೆಯೇ ಸಾಕು ಅಂದುಕೊಂಡರೂ ಮೂರು ದಾರಿಗಳಿವೆ. ಒಂದು, ಪಕ್ಕದೂರಿನ ಸರ್ಕಾರಿ ಪ್ರೌಢಶಾಲೆ. ಇನ್ನೊಂದು, ಹೋಬಳಿಯಲ್ಲಿರುವ ಕರ್ನಾಟಕ ಪಬ್ಲಿಕ್ ಸ್ಕೂಲು, ಬಾಯಿಮಾತಿನಲ್ಲಿ ಕೆಪಿಎಸ್. ಮತ್ತೊಂದು, ತಾಲ್ಲೂಕು ಪೇಟೆಯ ಜೂನಿಯರ್ ಕಾಲೇಜಿನ ಹೈಸ್ಕೂಲು. ನನ್ನ ಮಗಳು ಪಕ್ಕದೂರಿನಲ್ಲೇ ಎಸ್ಸೆಸ್ಸೆಲ್ಸಿ ಮುಗಿಸಿದಳು. ನಮ್ಮಣ್ಣನ ಮಗ ಪೇಟೆಯಲ್ಲಿ ಓದುತ್ತಿದ್ದಾನೆ. ಈ ಸಲ ಮಗನ ಸರದಿ. ಹಾಗಾಗಿ ಮೂರೂ ಕಡೆ ಹೋಗಿ ನೋಡಿ ಬಂದೆ.

ಆದರ್ಶ ವಿದ್ಯಾಲಯ, ಮೊರಾರ್ಜಿ, ನವೋದಯ ಯಾಕೆ ಬಿಟ್ರಿ ಅಂತ ಕೇಳುವವರು ಇರುತ್ತಾರೆ. ಅವು ಮೂರಕ್ಕೂ ಸೇರಬೇಕಾದ್ದು ಆರನೇ ತರಗತಿಗೆ. ಪ್ರವೇಶ ಪರೀಕ್ಷೆ ಬರೆಯಬೇಕಾದ್ದು ಐದನೇ ತರಗತಿಯಲ್ಲಿದ್ದಾಗ. ಎಂಟಕ್ಕೆ ಬಂದ ಮೇಲೆ ಯಾರೋ ಬಿಟ್ಟುಹೋದ ಸೀಟಿಗೆ ಕಾಯಬೇಕಷ್ಟೇ. ನಿಮ್ಮ ಮಗು ಈಗ ನಾಲ್ಕರಲ್ಲೋ ಐದರಲ್ಲೋ ಇದ್ದರೆ ಮಾತ್ರ ಆ ಕಡೆ ನೋಡಿ.

ಶಾಲೆ ನೋಡಲು ಮೇ ತಿಂಗಳು, ಜೂನ್ ಮೊದಲ ವಾರ ಬೇಡ. ಆಗ ದಾಖಲಾತಿ ಆಂದೋಲನದ ಗಲಾಟೆ. ಎಲ್ಲರೂ ನಗುನಗುತ್ತಾ ಮಾತಾಡಿಸುತ್ತಾರೆ, ಆದರೆ ಕ್ಲಾಸಿನಲ್ಲಿ ಪಾಠ ನಡೀತಿರೋದಿಲ್ಲ. ಜನವರಿ, ಫೆಬ್ರವರಿಯಲ್ಲಿ ಹೋಗಿ. ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮುಂಚೆ ಹೋದರೆ ಪಾಠವೂ ಕಾಣುತ್ತೆ, ಊಟವೂ ಕಾಣುತ್ತೆ.

ಮೂರೂ ಕಡೆ ಒಂದೇ ಆಗಿರುವುದನ್ನು ಹೋಲಿಸುತ್ತಾ ಕೂರಬೇಡಿ. ಪಠ್ಯಪುಸ್ತಕ, ಸಮವಸ್ತ್ರ, ಶೂ, ಬಿಸಿಯೂಟ, ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು, ಇವೆಲ್ಲ ಹತ್ತನೇ ತರಗತಿವರೆಗೆ ಎಲ್ಲ ಸರ್ಕಾರಿ ಶಾಲೆಗಳಿಗೂ ಬರುತ್ತವೆ. ‘ಅಲ್ಲಿ ಎಲ್ಲಾ ಫ್ರೀಯಂತೆ’ ಅನ್ನುವುದು ಒಂದು ಶಾಲೆಯ ಹೆಚ್ಚುಗಾರಿಕೆ ಅಲ್ಲ.

ನಾನು ಮೊದಲು ನೋಡಿದ್ದು ಹೆಡ್‌ಮಾಸ್ಟರ್ ಕೊಠಡಿಯ ಗೋಡೆಯನ್ನು. ಸಿಬ್ಬಂದಿಯ ವಿವರ ಬರೆದ ಬೋರ್ಡು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಯಾವ ವಿಷಯಕ್ಕೆ ಯಾರು, ಈ ಶಾಲೆಗೆ ಬಂದ ದಿನಾಂಕ ಯಾವುದು, ಎಲ್ಲ ಅದರಲ್ಲಿ. ಹೈಸ್ಕೂಲಿನಲ್ಲಿ ಗಣಿತ, ಭೌತಶಾಸ್ತ್ರಕ್ಕೆ ಪಿಸಿಎಂ ಶಿಕ್ಷಕರು. ಜೀವಶಾಸ್ತ್ರದ ಕಡೆಗೆ ಸಿಬಿಝಡ್ ಶಿಕ್ಷಕರು. ಇವೆರಡರ ಜೊತೆಗೆ ಇಂಗ್ಲಿಷ್ ಹುದ್ದೆ ತುಂಬಿದ್ದರೆ ಶಾಲೆ ಅರ್ಧ ಪಾಸು ಅಂತಲೇ ನನ್ನ ಲೆಕ್ಕ.

ಹಳ್ಳಿ ಹೈಸ್ಕೂಲಿನ ಬೋರ್ಡಿನಲ್ಲಿ ಪಿಸಿಎಂ ಎದುರಿಗೆ ಏನೂ ಇರಲಿಲ್ಲ. ನನ್ನ ಮಗಳ ಕಾಲದಲ್ಲಿ ಅಲ್ಲೊಬ್ಬರು ಗಣಿತದ ಮೇಷ್ಟ್ರಿದ್ದರು. ಬೆಳಗ್ಗೆ ಒಂಬತ್ತಕ್ಕೇ ಬಂದು ಹತ್ತನೇ ತರಗತಿಯವರನ್ನು ಕೂರಿಸಿಕೊಳ್ಳುತ್ತಿದ್ದರು. ಅವರಿಗೆ ವರ್ಗವಾಯಿತು. ಈಗ ಅತಿಥಿ ಶಿಕ್ಷಕರು. ಹುಡುಗ ಚೆನ್ನಾಗಿಯೇ ಪಾಠ ಮಾಡುತ್ತಾನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅತಿಥಿ ಶಿಕ್ಷಕರ ನೇಮಕ ಆಯಾ ಶೈಕ್ಷಣಿಕ ವರ್ಷಕ್ಕೆ ಮಾತ್ರ. ಶಾಲೆ ಶುರುವಾದ ಮೇಲೆ ಆದೇಶ ಬರಬೇಕು. ನಡುವೆ ಬೇರೆ ಕೆಲಸ ಸಿಕ್ಕರೆ ಆತ ಹೋಗಿಬಿಡುತ್ತಾನೆ. ಅವನನ್ನು ತಪ್ಪು ಅನ್ನೋಕಾಗುತ್ತಾ?

ಪೇಟೆಯ ಶಾಲೆಯಲ್ಲಿ ಬೋರ್ಡು ಭರ್ತಿ. ನೋಡಿ ಖುಷಿಯಾಯಿತು. ಆಮೇಲೆ ನಮ್ಮಣ್ಣನ ಮಗನನ್ನು ಕೇಳಿದರೆ, ‘ವಿಜ್ಞಾನದ ಮೇಡಂ ಬರೋದೇ ಇಲ್ಲ ಅತ್ತೆ, ಅವರು ಆಫೀಸಿನಲ್ಲಿ ಇದ್ದಾರಂತೆ’ ಅಂದ. ನಿಯೋಜನೆ ಅಂದರೆ ಇದು. ಹೆಸರು, ಸಂಬಳ ಈ ಶಾಲೆಯಲ್ಲಿ, ಕೆಲಸ ಇನ್ನೆಲ್ಲೋ. ಹುದ್ದೆ ಖಾಲಿ ಅಂತ ತೋರಿಸದೇ ಇರುವುದರಿಂದ ಅತಿಥಿ ಶಿಕ್ಷಕರನ್ನು ಕೇಳುವುದೂ ಕಷ್ಟ. ಅದಕ್ಕೇ ಬೋರ್ಡು ನೋಡಿದ ಮೇಲೆ ‘ಇವರಲ್ಲಿ ಯಾರಾದ್ರೂ ನಿಯೋಜನೆ ಮೇಲೆ ಹೋಗಿದ್ದಾರಾ ಸಾರ್?’ ಅಂತ ಒಂದು ಮಾತು ಕೇಳಲೇಬೇಕು. ಕೆಪಿಎಸ್‌ನಲ್ಲಿ ಕೇಳಿದಾಗ ಅಲ್ಲಿನ ಉಪಪ್ರಾಂಶುಪಾಲರು, ‘ಇಲ್ಲಮ್ಮ, ಗಣಿತ, ವಿಜ್ಞಾನ ಎರಡಕ್ಕೂ ಇಲ್ಲಿಯವರೇ ಇದ್ದಾರೆ, ಬೇಕಾದರೆ ಕ್ಲಾಸಿಗೇ ಹೋಗಿ ನೋಡಿ’ ಅಂದರು. ಹೋದೆ. ಇದ್ದರು.

ಎರಡನೆಯದು ನೋಟ್‌ಬುಕ್. ಒಂಬತ್ತನೇ ತರಗತಿಯ ಯಾವುದಾದರೂ ಮಗುವಿನ ಗಣಿತದ ನೋಟ್‌ಬುಕ್ ಇಸಿದುಕೊಂಡು ಹಿಂದಿನ ಪುಟದಿಂದ ನೋಡಿ. ನಮಗೆ ಗಣಿತ ಬರಬೇಕಂತೇನಿಲ್ಲ. ತಾರೀಖು ಮತ್ತು ಕೆಂಪು ಇಂಕಿನ ಸಹಿ ನೋಡಿದರೆ ಸಾಕು. ಒಂದು ಕಡೆ ಜನವರಿಯಲ್ಲೂ ನೋಟ್ಸು ಬಹುಪದೋಕ್ತಿಗಳ ಹತ್ತಿರವೇ ನಿಂತಿತ್ತು. ಕೊನೆಯ ಸಹಿ ದಸರಾ ರಜೆಗಿಂತ ಹಿಂದಿನದು. ಕೆಪಿಎಸ್‌ನ ಹುಡುಗಿಯ ಪುಸ್ತಕದಲ್ಲಿ ತಪ್ಪಾದ ಹೆಜ್ಜೆಗೆ ಮಾತ್ರ ಸುತ್ತು ಹಾಕಿ, ಪಕ್ಕದಲ್ಲಿ ‘ಮತ್ತೆ ಮಾಡು’ ಅಂತ ಬರೆದಿತ್ತು. ಕೆಳಗೆ ಅವಳು ಮತ್ತೆ ಮಾಡಿದ್ದಳು. ಆ ಒಂದು ಪುಟ ಶಾಲೆಯ ಬಗ್ಗೆ ಹೇಳಿದ್ದು ಬಣ್ಣದ ಕರಪತ್ರ ಹೇಳುವುದಕ್ಕಿಂತ ಜಾಸ್ತಿ. ಯಾಕೆ ಒಂಬತ್ತನೇ ತರಗತಿ ಅಂದರೆ, ಹತ್ತರಲ್ಲಿ ಎಲ್ಲ ಶಾಲೆಗಳೂ ವಿಶೇಷ ತರಗತಿ, ಪಾಸಿಂಗ್ ಪ್ಯಾಕೇಜ್ ಅಂತ ಎದ್ದು ಕೂರುತ್ತವೆ. ಒಂಬತ್ತರಲ್ಲಿ ಕೇಳುವವರಿಲ್ಲ.

ಇನ್ನು ಫಲಿತಾಂಶ. ನಮ್ಮ ಯಜಮಾನರಿಗೆ ಇದೊಂದೇ ಮುಖ್ಯ. ‘ನೂರಕ್ಕೆ ನೂರು ಬಂದಿದೆಯಂತೆ’ ಅಂತ ಶುರು ಮಾಡಿದರು. ಬರೆದವರು ಎಷ್ಟು ಜನ ಅಂತ ಕೇಳಿದೆ. ಒಂದು ಬೆಂಚಿನವರು ಹೆಚ್ಚುಕಮ್ಮಿಯಾದರೆ ಚಿಕ್ಕ ಶಾಲೆಯ ಶೇಕಡಾವಾರು ಎಲ್ಲಿಂದೆಲ್ಲಿಗೋ ಹೋಗುತ್ತದೆ. ಜೊತೆಗೆ ಯಾವ ವರ್ಷದ ಫಲಿತಾಂಶ ಅನ್ನುವುದೂ ಮುಖ್ಯ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಕೃಪಾಂಕ ಹೆಚ್ಚಿಸಿಯೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಆದ್ದರಿಂದ 2024 ಮತ್ತು ಅದರ ನಂತರದ ಫಲಿತಾಂಶಗಳನ್ನು ಮಾತ್ರ ಪಕ್ಕಪಕ್ಕ ಇಟ್ಟು ನೋಡುವುದು ನ್ಯಾಯ. ಅದರಲ್ಲೂ ಪಾಸಾದವರ ಲೆಕ್ಕಕ್ಕಿಂತ ಗಣಿತ, ವಿಜ್ಞಾನದಲ್ಲಿ ಎಷ್ಟೆಷ್ಟು ಬಂದಿದೆ ಕೇಳಿ. ಒಟ್ಟು 625ರಲ್ಲಿ ಪ್ರಥಮ ಭಾಷೆಯದ್ದೇ 125. ಉಳಿದ ಐದು ವಿಷಯಗಳಿಗೆ ತಲಾ 100, ಅದರಲ್ಲೂ 20 ಅಂಕ ಶಾಲೆಯವರೇ ಕೊಡುವ ಆಂತರಿಕ ಅಂಕ. ಎಂಟಕ್ಕೆ ಸೇರಿದವರಲ್ಲಿ ಹತ್ತರ ಪರೀಕ್ಷೆ ಬರೆದವರು ಎಷ್ಟು ಅಂತಲೂ ಕೇಳಿದೆ. ಪೇಟೆಯಲ್ಲಿ ಉತ್ತರ ಸರಿಯಾಗಿ ಸಿಗಲಿಲ್ಲ. ಹಳ್ಳಿ ಶಾಲೆಯ ಎಚ್‌ಎಂ ರಿಜಿಸ್ಟರ್ ತೆಗೆದು, ಬಿಟ್ಟುಹೋದ ಒಬ್ಬೊಬ್ಬರೂ ಯಾಕೆ ಬಿಟ್ಟರು ಅಂತ ಹೇಳಿದರು. ಅವರ ಮೇಲೆ ಗೌರವ ಬಂತು.

ಮಾಧ್ಯಮದ ವಿಷಯದಲ್ಲಿ ಮನೆಯಲ್ಲಿ ಜೋರು ಚರ್ಚೆಯೇ ಆಯಿತು. ಪೇಟೆಯಲ್ಲಿ ಇಂಗ್ಲಿಷ್ ಮಾಧ್ಯಮ ಇದೆ, ಅಲ್ಲಿಗೇ ಹಾಕೋಣ ಅಂತ ಯಜಮಾನರು. ಏಳು ವರ್ಷ ಕನ್ನಡದಲ್ಲಿ ಓದಿದವನು ಎಂಟಕ್ಕೆ ಒಮ್ಮೆಲೇ ಬದಲಾದರೆ ಏನಾಗುತ್ತೆ ಅಂತ ನಮ್ಮಣ್ಣನ ಮಗನನ್ನು ನೋಡುತ್ತಿದ್ದೇನೆ. ಪಾಠ ಕೇಳುವುದು ಕನ್ನಡದಲ್ಲಿ, ಉತ್ತರ ಉರು ಹೊಡೆಯುವುದು ಇಂಗ್ಲಿಷ್‌ನಲ್ಲಿ. ಕೆಲವು ಮಕ್ಕಳು ದಾಟಿಕೊಳ್ಳುತ್ತಾರೆ, ಇಲ್ಲ ಅನ್ನಲ್ಲ. ನನ್ನ ಮಗ ಆ ಪೈಕಿ ಅಲ್ಲ.

ಇದರ ಜೊತೆಗೆ ಬಹಳ ಜನ ಮರೆಯುವ ಇನ್ನೊಂದು ಲೆಕ್ಕವಿದೆ. ಎಂಜಿನಿಯರಿಂಗ್‌ನಂಥ ಕೋರ್ಸಿನ ಸೀಟಿಗೆ ಬರೆಯುವ ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಎರಡಕ್ಕೂ ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ಹಾಗೇ ಓದಿರಬೇಕು. ನೋಡುವುದು ಮನೆ ಎಲ್ಲಿದೆ ಅಂತಲ್ಲ, ಶಾಲೆ ಎಲ್ಲಿದೆ ಅಂತ. ಪುರಸಭೆಯ ಗಡಿಯೊಳಗಿನ ಶಾಲೆಯಲ್ಲಿ ಕೊನೆಯ ಮೂರು ವರ್ಷ ಓದಿದರೆ ಹಿಂದಿನ ಏಳು ವರ್ಷದ್ದೂ ಹೋಯಿತು. ಸರ್ಕಾರಿ ಕೆಲಸಕ್ಕೂ ಈ ಎರಡೂ ಮೀಸಲಾತಿ ಇವೆ. ಇದನ್ನು ಹೇಳಿದ ಮೇಲೆ ಯಜಮಾನರು ಪೇಟೆಯ ಮಾತು ಎತ್ತಲಿಲ್ಲ.

ಕೆಪಿಎಸ್ ಬಗ್ಗೆ ಒಂದು ಎಚ್ಚರಿಕೆ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಅನ್ನುವುದು ಆ ಶಾಲೆಗಳ ದೊಡ್ಡ ಆಕರ್ಷಣೆ. 2018–19ರಲ್ಲಿ ಶುರುವಾದ ಈ ಶಾಲೆಗಳ ಬಗ್ಗೆ ಎಲ್ಲರೂ ಹೀಗೇ ಹೇಳುತ್ತಾರೆ. ಆದರೆ ನಮ್ಮ ಹೋಬಳಿಯದ್ದರಲ್ಲಿ ಪಿಯುಸಿಗೆ ಕಲಾ, ವಾಣಿಜ್ಯ ಮಾತ್ರ. ವಿಜ್ಞಾನ ಬೇಕಾದವರು ಹತ್ತಾದ ಮೇಲೆ ಪೇಟೆಗೆ ಹೋಗಲೇಬೇಕು. ತರಗತಿಗಳೂ ಕಿಕ್ಕಿರಿದಿವೆ. ಊಟದ ಸಾಲು ಉದ್ದ. ಚಿಕ್ಕ ಮಕ್ಕಳದ್ದು ಮುಗಿದು ಹೈಸ್ಕೂಲಿನವರ ಸರದಿ ಬರುವ ಹೊತ್ತಿಗೆ ಸಾಂಬಾರು ನೀರಾಗಿರುತ್ತದೆ ಅಂತ ಮಕ್ಕಳೇ ಹೇಳಿದರು. ಹಳ್ಳಿ ಶಾಲೆಯ ಊಟ ಮನೆಯೂಟದಂತಿತ್ತು, ಬಡಿಸುವ ಅಕ್ಕನಿಗೆ ಪ್ರತಿ ಮಗುವಿನ ಹೆಸರೂ ಗೊತ್ತು.

ಹೆಣ್ಣುಮಕ್ಕಳಿದ್ದರೆ ಶೌಚಾಲಯವನ್ನು ಖುದ್ದಾಗಿ ಹೋಗಿ ನೋಡಿ. ನಲ್ಲಿ ತಿರುಗಿಸಿ, ಒಳಗಿಂದ ಚಿಲಕ ಹಾಕಿ ನೋಡಿ. ಇದರಲ್ಲಿ ಸಂಕೋಚ ಬೇಡ. ಪೇಟೆಯಲ್ಲಿ ಕಟ್ಟಡ ಹೊಸದು, ನೀರಿಲ್ಲ.

ಬಸ್ಸು ಇನ್ನೊಂದು ತಲೆನೋವು. ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಸರ್ಕಾರಿ ಬಸ್ಸು ಉಚಿತ, ಹುಡುಗರಿಗೆ ವಿದ್ಯಾರ್ಥಿ ಪಾಸು. ದುಡ್ಡಿನ ಚಿಂತೆ ಅಷ್ಟಿಲ್ಲ. ಹತ್ತನೇ ತರಗತಿಯಲ್ಲಿ ವಿಶೇಷ ತರಗತಿ ಮುಗಿಯುವ ಹೊತ್ತಿಗೆ ಬಸ್ಸು ಇದೆಯಾ, ಇದ್ದರೂ ನಿಲ್ಲಿಸುತ್ತಾನಾ ಅನ್ನುವುದು ಪ್ರಶ್ನೆ. ಹೋಬಳಿಯಿಂದ ನಮ್ಮೂರಿಗೆ ಸಂಜೆ ಐದೂವರೆಗೆ ಒಂದಿದೆ. ಅದು ತಪ್ಪಿದರೆ ಯಾರಾದರೂ ಗಾಡಿ ತಗೊಂಡು ಹೋಗಬೇಕು.

ಕೊನೆಗೆ ಮಗನನ್ನು ಕೆಪಿಎಸ್‌ಗೆ, ಕನ್ನಡ ಮಾಧ್ಯಮದ ವಿಭಾಗಕ್ಕೇ ಹಾಕಿದೆವು. ಗಣಿತ, ವಿಜ್ಞಾನದ ಶಿಕ್ಷಕರು ಕಾಯಂ ಇದ್ದಾರೆ, ಶಾಲೆ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲೇ ಇದೆ. ಕಿಕ್ಕಿರಿದ ಕ್ಲಾಸನ್ನು ಸಹಿಸಿಕೊಳ್ಳಬಹುದು. ಹಳ್ಳಿ ಶಾಲೆಯಲ್ಲಿ ಆ ಒಂದು ಹುದ್ದೆ ತುಂಬಿದ್ದರೆ ಎರಡನೇ ಮಾತಿಲ್ಲದೆ ಅಲ್ಲಿಗೇ ಸೇರಿಸುತ್ತಿದ್ದೆ. ಪಕ್ಕದ ಮನೆಯವರ ಮಗಳಿಗೆ ಮಾತ್ರ ಹಳ್ಳಿ ಶಾಲೆಯೇ ಸರಿ ಅಂತ ಹೇಳಿದೆ. ಅವಳು ಓದಿನಲ್ಲಿ ಸ್ವಲ್ಪ ಹಿಂದೆ, ಮಾತೂ ಕಮ್ಮಿ. ಐವತ್ತು ಮಕ್ಕಳ ನಡುವೆ ಕಳೆದುಹೋಗುತ್ತಾಳೆ.

ನೀವು ಎಲ್ಲಿಗೇ ಸೇರಿಸಿ, ಏಳನೇ ತರಗತಿಯ ಟಿ.ಸಿ. ತೆಗೆಯುವ ಮುಂಚೆ ಹೆಸರು, ತಂದೆ ತಾಯಿ ಹೆಸರು, ಹುಟ್ಟಿದ ತಾರೀಖು ಆಧಾರ್‌ಗೆ ಹೊಂದುತ್ತಾ ಅಂತ ಸ್ಯಾಟ್ಸ್‌ನಲ್ಲಿ, ಅಂದರೆ ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಲ್ಲಿ, ತೆಗೆಸಿ ನೋಡಿ. ಮಗುವಿನ ಜೊತೆ ಹೊಸ ಶಾಲೆಗೆ ಹೋಗುವುದು ಅದೇ ದಾಖಲೆ. ಅಲ್ಲಿನ ಒಂದಕ್ಷರದ ತಪ್ಪು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಬಂದು ಕೂತರೆ, ಆಮೇಲೆ ತಿದ್ದಿಸಲು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ, ಪರೀಕ್ಷಾ ಬೋರ್ಡು ಅಂತ ಅಲೆಯಬೇಕಾಗುತ್ತದೆ.